ಎಂಎಂಸಿಐಎಫ್‌ನಿಂದ ಪಿಡಿಬಿಗೆ (ಅಣುಗಳ 3ಡಿ ರಚನೆ ಬರೆದಿಡುವ ಎರಡು ಫೈಲ್ ಫಾರ್ಮ್ಯಾಟ್) ಬದಲಿಸಲು ಟರ್ಮಿನಲ್‌ನಲ್ಲಿ ಏನು ಬಳಸುತ್ತೀರಿ?

ಹೊಸ_ಜೀವಿ:
ಮನುಷ್ಯರ ರೈಬೋಸೋಮ್‌ನ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರ) ರಚನೆ ಬೇಕಿತ್ತು. ಹುಡುಕಿದರೆ ಎಂಎಂಸಿಐಎಫ್ ಮಾತ್ರ ಇದೆ, ಪಿಡಿಬಿ ಫೈಲೇ ಇಲ್ಲ. ಸಣ್ಣ ಅಣು ಎಲ್ಲಿ, ಹೇಗೆ ಕೂರುತ್ತದೆ ಅಂತ ಲೆಕ್ಕ ಹಾಕುವ ನಮ್ಮ ಡಾಕಿಂಗ್ ಪ್ರೋಗ್ರಾಂ ಹಳೆಯದು, ಪಿಡಿಬಿ ಬಿಟ್ಟು ಬೇರೇನೂ ಓದಲ್ಲ. ಎಲ್ಲೋ ಸಿಕ್ಕ ಸ್ಕ್ರಿಪ್ಟ್ ಓಡಿಸಿದೆ, ಎರರ್ ಏನೂ ಬರಲಿಲ್ಲ, ಆದರೆ ತೆರೆದು ನೋಡಿದರೆ ಎಷ್ಟೋ ಚೈನ್‌ಗಳು (ಒಂದೊಂದು ಪ್ರೋಟೀನ್ ಅಥವಾ ಆರ್‌ಎನ್‌ಎ ಎಳೆ) ಒಂದೇ ಹೆಸರಲ್ಲಿ ಸೇರಿಕೊಂಡಿವೆ. ಇಂಥ ಫೈಲ್‌ಗಳು ರಾಶಿ ಇವೆ, ಒಂದೊಂದನ್ನೇ ಮೌಸ್ ಹಿಡಿದು ಮಾಡಲು ಆಗಲ್ಲ.

ಕಾಲಂ_22:
ಪಿಡಿಬಿ ಫಾರ್ಮ್ಯಾಟೇ ಇಕ್ಕಟ್ಟು. ಪಂಚ್ ಕಾರ್ಡ್ ಕಾಲದ 80 ಅಕ್ಷರದ ಸಾಲು ಅದು. ಚೈನ್ ಹೆಸರಿಗೆ ಒಂದೇ ಅಕ್ಷರ, ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ ಎಲ್ಲ ಸೇರಿಸಿದರೂ 62. ಪರಮಾಣುಗಳ ಕ್ರಮಸಂಖ್ಯೆ 99,999ಕ್ಕೆ ಮುಗಿಯುತ್ತದೆ. ನಿಮ್ಮ ರೈಬೋಸೋಮ್‌ನಲ್ಲಿ 80 ಪ್ರೋಟೀನ್, 4 ಆರ್‌ಎನ್‌ಎ ಇವೆ, ಎಲ್ಲಿ ತುರುಕೋದು? 2014ರಿಂದ ರಚನೆಗಳ ಡೇಟಾಬೇಸ್‌ನಲ್ಲಿ ಎಂಎಂಸಿಐಎಫ್ಫೇ ಮುಖ್ಯ ಫಾರ್ಮ್ಯಾಟ್ ಆಗಿರುವುದಕ್ಕೆ ಇದೂ ಒಂದು ಕಾರಣ.

ನಾನು ಬಳಸುವುದು ಜೆಮ್ಮಿ ಅನ್ನೋ ಟೂಲ್. ಅದರ 'ಕನ್ವರ್ಟ್' ಕಮಾಂಡ್‌ಗೆ ಒಳಗಿನ ಫೈಲ್, ಹೊರಗಿನ ಫೈಲ್ ಹೆಸರು ಕೊಟ್ಟರೆ ಸಾಕು, ಎಕ್ಸ್‌ಟೆನ್ಷನ್ ನೋಡಿ ಫಾರ್ಮ್ಯಾಟ್ ತಾನೇ ತಿಳಿದುಕೊಳ್ಳುತ್ತದೆ. ಜಿಝಿಪ್ ಮಾಡಿ ಕುಗ್ಗಿಸಿದ ಫೈಲನ್ನೂ ಹಾಗೇ ಓದುತ್ತದೆ. 'ಶಾರ್ಟನ್' ಆಯ್ಕೆ ಹಾಕಿದರೆ ಚೈನ್ ಹೆಸರು ಚಿಕ್ಕದಾಗುತ್ತದೆ, ಆದರೆ ಚೈನ್‌ಗಳು 62 ದಾಟಿದರೆ ಎರಡಕ್ಷರ ಬರುತ್ತದೆ. ಹಳೇ ಪ್ರೋಗ್ರಾಂ ಅದನ್ನು ಓದುತ್ತೆ ಅನ್ನೋ ಭರವಸೆ ಇಲ್ಲ.

ಟರ್ಮಿನಲ್_ಪ್ರಿಯ:
ಡಾಕಿಂಗ್‌ಗೆ ಇಡೀ ರೈಬೋಸೋಮ್ ಯಾಕೆ? ಲಿಗ್ಯಾಂಡ್ (ಆ ಸಣ್ಣ ಅಣು) ಕೂರುವ ಜಾಗದ ಸುತ್ತಲಿನ ಚೈನ್‌ಗಳು ಸಾಕಲ್ವಾ? ಜೆಮ್ಮಿಯ 'ಸೆಲೆಕ್ಟ್' ಆಯ್ಕೆಯಿಂದ ಅವನ್ನಷ್ಟೇ ಆರಿಸಿ ಮೊದಲು ಚಿಕ್ಕ ಎಂಎಂಸಿಐಎಫ್ ಮಾಡಿಕೊಳ್ಳಿ. ಅದನ್ನು ತೆರೆದು ನೋಡಿ, ಆಮೇಲೆ ಪಿಡಿಬಿಗೆ ಬದಲಿಸಿ. ಎಲ್ಲವೂ ಬೇಕೇ ಬೇಕು ಅಂದರೆ ಬೀಮ್ ಅನ್ನೋ ಟೂಲ್ ಇದೆ, ದೊಡ್ಡ ರಚನೆಯನ್ನು ಹಲವು ಪಿಡಿಬಿ ಫೈಲ್‌ಗಳಾಗಿ ಒಡೆದು ಕೊಡುತ್ತದೆ.

ಫಾರ್ಮ್ಯಾಟ್ ಬದಲಿಸುವ ಇನ್ನೊಂದು ಟೂಲ್ ಓಪನ್ ಬೇಬಲ್ ಬಳಸಿ ಅಂತ ಯಾರಾದರೂ ಹೇಳುತ್ತಾರೆ. ಲಿಗ್ಯಾಂಡನ್ನು ಸಣ್ಣ ಅಣುಗಳ ಫಾರ್ಮ್ಯಾಟ್‌ಗಳಾದ ಎಸ್‌ಡಿಎಫ್‌ಗೋ ಮೋಲ್2ಗೋ ಬದಲಿಸಲು ಅದು ಸರಿ. ಇಷ್ಟು ದೊಡ್ಡ ಪ್ರೋಟೀನ್ ರಾಶಿಗೆ ಸುಮ್ನೆ ಬೇಡ, ಪರಮಾಣುಗಳ ನಡುವಿನ ಬಾಂಡ್‌ಗಳನ್ನು ದೂರ ಅಳೆದು ಊಹಿಸುತ್ತಾ ಕೂರುತ್ತದೆ.

ಹೊಸ_ಜೀವಿ:
ಸರಿ, ಆದರೆ ಡೇಟಾಬೇಸ್ ಸೈಟಿನಲ್ಲಿ ಒಂದೇ ಚೈನ್‌ಗೆ ಎರಡು ಹೆಸರು ತೋರಿಸುತ್ತದೆ. 'ಸೆಲೆಕ್ಟ್'ಗೆ ಯಾವುದು ಕೊಡಲಿ?

ಕಾಲಂ_22:
'ಆಥ್' ಅಂತ ಬರೆದಿರುವುದು. ಎಂಎಂಸಿಐಎಫ್‌ನಲ್ಲಿ ಎರಡು ಲೆಕ್ಕ ಇರುತ್ತವೆ: ರಚನೆ ಬಿಡಿಸಿದವರು ಕೊಟ್ಟದ್ದು 'ಆಥ್', ಡೇಟಾಬೇಸ್ ಕೊಟ್ಟದ್ದು 'ಲೇಬಲ್'. ಪಿಡಿಬಿಗೆ ಹೋಗುವುದು, ಪೇಪರ್‌ಗಳಲ್ಲಿ ಬರುವುದು ಸಾಮಾನ್ಯವಾಗಿ 'ಆಥ್'. ರೆಸಿಡ್ಯೂ (ಚೈನ್‌ನ ಒಂದೊಂದು ಕೊಂಡಿ) ನಂಬರ್‌ಗೂ ಇದೇ ಕಥೆ. ಹೊಸ ಲಿಗ್ಯಾಂಡ್ ಇದ್ದರೆ ಅದರ ಕೋಡ್ ಕೂಡ ನೋಡಿ: ಮೂರಕ್ಷರದವು ಖಾಲಿಯಾಗಿ ಈಗ ಐದಕ್ಷರ ಕೊಡುತ್ತಿದ್ದಾರೆ, ಪಿಡಿಬಿಯಲ್ಲಿ ಅಷ್ಟು ಜಾಗವಿಲ್ಲ. ಶಾರ್ಟನ್ ಮಾಡಿದ ಮೇಲೆ ಯಾವ ಚೈನ್ ಯಾವ ಹೆಸರಾಯಿತು ಅಂತ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡಿ, ಫಲಿತಾಂಶ ಬಂದಾಗ ಬೇಕಾಗುತ್ತದೆ.