ಫಿಕ್ಸ್ ಇದೆ, ಆದರೂ ಗಡಿಕಲ್ಲು ಮುಕ್ಕಾಲು ಮೀಟರ್ ಆಚೆ!

ಹೆಬ್ರಿ_ಅಳತೆ:
ತಲೆ ಕೆಟ್ಟುಹೋಗಿದೆ. ಬೆಳಿಗ್ಗೆ ಗಡಿಕಲ್ಲಿನ ಮೇಲೆ ರೋವರ್ (ಉಪಗ್ರಹದ ಸಿಗ್ನಲ್‌ನಿಂದ ಜಾಗ ಅಳೆಯುವ ರಿಸೀವರ್) ಇಟ್ಟೆ. ಫಿಕ್ಸ್ ಬಂತು, ಅಂದರೆ ಜಾಗ ಪಕ್ಕಾ ಅಂತ ಮಷೀನ್ ಹೇಳಿತು; ತಪ್ಪಿದರೆ 2 ಸೆಂ.ಮೀ. ಅಂತ ತೋರಿಸಿತು. ಮಧ್ಯಾಹ್ನ ಅದೇ ಕಲ್ಲು, ಮತ್ತೆ ಫಿಕ್ಸ್, ಜಾಗ ಮಾತ್ರ ಮುಕ್ಕಾಲು ಮೀಟರ್ ಆಚೆ. ಪಕ್ಕದ ಜಾಗದವರು ನೋಡುತ್ತಾ ನಿಂತಿದ್ದರು. ಮಷೀನ್ ಹಾಳಾಗಿದೆಯಾ?

ನೆಟ್_ಇದ್ರೆ_ಎಲ್ಲ:
ನೀವು ಬಳಸುವುದು ಸರ್ವೆ ಆಫ್ ಇಂಡಿಯಾದ ಕಾರ್ಸ್ (ರೋವರಿಗೆ ಕರೆಕ್ಷನ್ ಕಳಿಸುವ ಸ್ಥಿರ ಸ್ಟೇಷನ್‌ಗಳು) ಅಲ್ವಾ? ಅದಕ್ಕೆ ನೆಟ್ ಬೇಕು. ಆ ಕಡೆ ಟವರ್ ಎಲ್ಲಿದೆ ಮಾರಾಯ್ರೆ? ಸಿಮ್ ಬದಲಿಸಿ.

ಹೆಬ್ರಿ_ಅಳತೆ:
ಬದಲಿಸಿದೆ. ಅದೇ ಕಥೆ.

ನೆಟ್_ಇದ್ರೆ_ಎಲ್ಲ:
ಎರಡು ಸಿಮ್ ಹಾಕುವ ರೂಟರ್ ತಗೊಳ್ಳಿ.

ಕುಂದಾಪ್ರದವ:
ನೆಟ್ ಹೋದರೆ ಸ್ವಲ್ಪ ಹೊತ್ತಿಗೆ ಫ್ಲೋಟ್‌ಗೆ, ಅಂದರೆ ಅಷ್ಟು ಪಕ್ಕಾ ಅಲ್ಲದ ಲೆಕ್ಕಕ್ಕೆ, ಇಳಿಯುತ್ತದೆ. ಇಲ್ಲಿ ಫಿಕ್ಸ್ ನಿಂತಿದೆಯಲ್ಲ. ಸುಮ್ನೆ ಸಿಮ್ ಹಿಂದೆ ಬೀಳಬೇಡಿ. ತಲೆ ಮೇಲೆ ಎಂತ ಉಂಟು?

ಹೆಬ್ರಿ_ಅಳತೆ:
ಅಡಿಕೆ ತೋಟ. ಸೋಗೆ ಪೂರ್ತಿ ಮುಚ್ಚಿದೆ. ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ತಗಡಿನ ಪಂಪ್ ಶೆಡ್.

ಕುಂದಾಪ್ರದವ:
ಇದನ್ನು ಮೊದಲೇ ಹೇಳುವುದಲ್ವಾ! ಅದು ಸುಳ್ಳು ಫಿಕ್ಸ್. ಉಪಗ್ರಹ ಕಳಿಸುವ ಎಲ್1 ಸಿಗ್ನಲ್‌ನ ಒಂದು ಅಲೆಯ ಉದ್ದ ಸುಮಾರು 19 ಸೆಂ.ಮೀ. ಉಪಗ್ರಹದವರೆಗೆ ಅಂಥ ಪೂರ್ತಿ ಅಲೆ ಎಷ್ಟು ಅಂತ ರಿಸೀವರ್ ಲೆಕ್ಕ ಹಾಕಬೇಕು. ಒದ್ದೆ ಸೋಗೆ ಸಿಗ್ನಲ್ ಕುಗ್ಗಿಸುತ್ತದೆ. ತಗಡಿಗೆ ಬಡಿದು ಬಂದದ್ದು ಲೆಕ್ಕ ಕೆಡಿಸುತ್ತದೆ. ಲೆಕ್ಕ ತಪ್ಪಿದರೂ ಫಿಕ್ಸ್ ಅಂತಲೇ ತೋರಿಸಬಹುದು. ಆ 2 ಸೆಂ.ಮೀ. ಅದರದೇ ಅಂದಾಜು, ಅಷ್ಟೆ.

ಹೊರಗೆ ಬಯಲು ಗದ್ದೆಯಲ್ಲಿ ಒಂದಕ್ಕೊಂದು ಕಾಣುವ ಎರಡು ಪಾಯಿಂಟ್ ಮಾಡಿ. ಎರಡನ್ನೂ ಫಿಕ್ಸ್ ಮುರಿದು, ಹೊತ್ತು ಬಿಟ್ಟು ಹೊಸದಾಗಿ ಫಿಕ್ಸ್ ಮಾಡಿ ಇನ್ನೊಮ್ಮೆ ನೋಡಿ. ಅಲ್ಲಿಂದ ಟೋಟಲ್ ಸ್ಟೇಷನ್‌ನಲ್ಲಿ (ಉಪಗ್ರಹ ಬೇಡ, ಕೋನ-ದೂರ ಅಳೆಯುವ ಯಂತ್ರ) ಟ್ರಾವರ್ಸ್ ಹಾಕಿ, ಅಂದರೆ ಪಾಯಿಂಟಿನಿಂದ ಪಾಯಿಂಟಿಗೆ ಅಳೆಯುತ್ತಾ, ತೋಟದೊಳಗೆ ಹೋಗಿ. ವಾಪಸ್ ಬಂದು ಹೊರಟ ಪಾಯಿಂಟಿಗೇ ಕ್ಲೋಸ್ ಮಾಡಿ, ಲೆಕ್ಕ ಕೂಡುತ್ತದಾ ನೋಡಿ. ಬೇರೆ ದಾರಿ ಇಲ್ಲ.

ಕುಡ್ಲ_ರೋವರ್:
ನಾವಿಕ್ ಆನ್ ಮಾಡಿ. ನಮ್ಮ ದೇಶದ್ದೇ ಉಪಗ್ರಹ.

ಕುಂದಾಪ್ರದವ:
ಬೇಸ್ (ಕರೆಕ್ಷನ್ ಕಳಿಸುವ ಸ್ಟೇಷನ್) ಕಡೆಯಿಂದಲೂ ನಾವಿಕ್ ಕರೆಕ್ಷನ್ ಬರಬೇಕು. ಬಂದರೂ ಸೋಗೆ ಎಲ್ಲಿ ಹೋಗುತ್ತದೆ?

ಕುಡ್ಲ_ರೋವರ್:
ಸ್ವದೇಶಿ ಅಂದ ಕೂಡಲೇ ಕೆಲವರಿಗೆ ಉರಿ. ನನ್ನ ಹೊಸ ರಿಸೀವರಿಗೆ ಟಿಲ್ಟ್ ಇದೆ, ಪೋಲ್ ಓರೆ ಹಿಡಿದರೂ ನಡೆಯುತ್ತದೆ.

ಕುಂದಾಪ್ರದವ:
ಫಿಕ್ಸೇ ಸುಳ್ಳಾದರೆ ಪೋಲ್ ನೇರ ಹಿಡಿದರೆಷ್ಟು, ಓರೆ ಹಿಡಿದರೆಷ್ಟು!

ಹೆಬ್ರಿ_ಅಳತೆ:
ಉಡುಪಿಯಲ್ಲಿ ಟೋಟಲ್ ಸ್ಟೇಷನ್ ಬಾಡಿಗೆಗೆ ಯಾರ ಹತ್ತಿರ ಸಿಗುತ್ತದೆ? ಅದರ ಬೆಳಕನ್ನು ವಾಪಸ್ ಕಳಿಸುವ ಪ್ರಿಸಂ ನನ್ನ ಹತ್ತಿರ ಇದೆ.

ಕುಡ್ಲ_ರೋವರ್:
ನಾನು ನನ್ನದನ್ನು ಮಾರಿಬಿಟ್ಟೆ. ಈಗ ಡ್ರೋನಿಗೆ ಲೈಡಾರ್ (ಲೇಸರ್‌ನಿಂದ ಅಳೆಯುವ ಸಾಧನ) ಹಾಕಿಸಿದ್ದೇನೆ. ಫೋಟೊ ಹಾಕಲಾ?