ಲಾಕ್‌ಗೆ ಬೀಗ ಅನ್ನುವುದಾ, ಚಿಲಕ ಅನ್ನುವುದಾ?

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಫೈಲಿಗೆ ಹಾಕುವ 'ಲಾಕ್' ಅನ್ನುವ ಪದದ ಬಗ್ಗೆ ಕೇಳ್ಲಿಕ್ಕುಂಟು. ಸ್ವಲ್ಪ ಉದ್ದ ಆಗ್ತದೆ, ಯಾಕೆಂದ್ರೆ ಕೆಲಸ ಎಂತದು ಅಂತ ಹೇಳದೆ ಬರೀ ಪದ ಕೇಳಿದ್ರೆ ಎಲ್ಲರೂ ಡಿಕ್ಷನರಿ ನೋಡಿ 'ಬೀಗ' ಅಂತಲೇ ಹೇಳ್ತೀರಿ, ನಮ್ಮ ತೊಂದರೆ ಶುರುವಾದದ್ದೇ ಆ ಬೀಗದಿಂದ.

ನಾವು ಉಡುಪಿಯಲ್ಲಿ ನಾಲ್ಕು ಜನ ಸೇರಿ ಹಳೆ ಯಕ್ಷಗಾನ ಪ್ರಸಂಗದ ಪುಸ್ತಕ ಸ್ಕ್ಯಾನ್ ಮಾಡಿ ಇಡ್ತೇವೆ. ಸ್ಕ್ಯಾನ್ ಆದ ಪುಟ ಎಲ್ಲ ಒಂದು ಫೋಲ್ಡರಿಗೆ ಬಂದು ಬೀಳ್ತದೆ, ಐದೈದು ನಿಮಿಷಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಮ್) ಒಂದು ಶೆಲ್ ಸ್ಕ್ರಿಪ್ಟನ್ನು, ಅಂದ್ರೆ ಕಮಾಂಡುಗಳ ಪಟ್ಟಿಯನ್ನು, ಎಬ್ಬಿಸ್ತದೆ, ಅದು ವಾರೆ ಇರುವ ಪುಟ ನೇರ ಮಾಡಿ, ಅಂಚು ಕತ್ತರಿಸಿ, ಓಸಿಆರ್‌ಗೆ, ಅಂದ್ರೆ ಚಿತ್ರದಿಂದ ಅಕ್ಷರ ಓದುವ ಪ್ರೋಗ್ರಾಮಿಗೆ, ಕೊಟ್ಟು ಬೇರೆ ಫೋಲ್ಡರಿಗೆ ಹಾಕ್ತದೆ. ಪುಟ ಕಡಿಮೆ ಇದ್ದಾಗ ಎಂತ ತೊಂದರೆಯೂ ಇಲ್ಲ. ಒಂದು ದಿನ ಇನ್ನೂರು ಪುಟ ಒಟ್ಟಿಗೆ ಬಂತು, ಮೊದಲಿನ ಸ್ಕ್ರಿಪ್ಟ್ ಮುಗಿಯುವ ಮೊದಲೇ ಐದು ನಿಮಿಷ ಆಗಿ ಎರಡನೆಯದ್ದು ಎದ್ದಿತು, ಎರಡೂ ಅದೇ ಪುಟಗಳಿಗೆ ಕೈ ಹಾಕಿದವು, ಒಂದು ಓದ್ತಾ ಇದ್ದದ್ದನ್ನು ಇನ್ನೊಂದು ಎತ್ತಿಕೊಂಡು ಹೋಯ್ತು. ಕೆಲವು ಪುಟ ಎರಡೆರಡು ಸಲ ಬಂದವು, ಕೆಲವು ಅರ್ಧಕ್ಕೆ ನಿಂತವು.

ಇದಕ್ಕೆ ಮದ್ದು ಉಂಟು, ಎಫ್‌ಲಾಕ್. ಅದು ಲಿನಕ್ಸಿನ ಒಂದು ಕಮಾಂಡ್, ಒಂದು ಫೈಲಿನ ಮೇಲೋ ಫೋಲ್ಡರಿನ ಮೇಲೋ ಲಾಕ್ ಹಿಡಿಯಬಹುದು. ಒಬ್ಬ ಹಿಡಿದಿರುವಾಗ ಇನ್ನೊಬ್ಬ ಕೇಳಿದ್ರೆ ಕಾಯ್ಲಿಕ್ಕೆ ಹೇಳ್ತದೆ, ಕಮಾಂಡಿನ ಜೊತೆ ಮೈನಸ್ ಎನ್ (-n) ಕೊಟ್ರೆ ಕಾಯದೆ ವಾಪಸ್ ಕಳಿಸ್ತದೆ. ಸ್ಕ್ರಿಪ್ಟಿಗೆ ಅದನ್ನು ಸೇರಿಸಿದೆ, ಜೊತೆಯವರಿಗೆ ಅಂತ ಕನ್ನಡದಲ್ಲಿ ಒಂದು ಟಿಪ್ಪಣಿಯನ್ನೂ ಬರೆದಿಟ್ಟೆ, 'ಪುಟಗಳ ಫೋಲ್ಡರಿಗೆ ಬೀಗ ಹಾಕಿದ್ದೇವೆ' ಅಂತ.

ಎರಡು ತಿಂಗಳ ನಂತರ ಹೊಸದಾಗಿ ಸೇರಿದ ಹುಡುಗ, ಒಳ್ಳೆ ಕೆಲಸಗಾರ, ಜಾಗ ಉಳಿಸ್ಲಿಕ್ಕೆ ಅಂತ ಒಂದು ಸ್ಕ್ರಿಪ್ಟ್ ಬರೆದ. ಆ ಕಡೆ, ಓಸಿಆರ್ ಆದದ್ದು ಬೀಳುವ ಫೋಲ್ಡರಿನಲ್ಲಿ, ಯಾವ ಪುಟದ ಹೆಸರು ಕಾಣ್ತದೋ ಈ ಕಡೆ ಆ ಮೂಲ ಪುಟ ಡಿಲೀಟ್. ಆ ಕಡೆ ಇದ್ದದ್ದು ಇನ್ನೂ ಅರ್ಧ ಬರೆದ ಫೈಲು, ಈ ಕಡೆ ಮೂಲ ಹೋಗಿಯೇ ಬಿಟ್ಟಿತು, ಕೆಲಸ ಮುಂದುವರಿಸ್ಲಿಕ್ಕೆ ಹೋಗುವಾಗ ಪುಟವೇ ಇಲ್ಲ. ಪುಸ್ತಕ ಆಗಲೇ ವಾಪಸ್ ಕೊಟ್ಟಾಗಿತ್ತು, ಬ್ರಹ್ಮಾವರದ ಆ ಮನೆಗೆ ಹೋಗಿ ಮತ್ತೆ ಕೇಳಬೇಕಾಯ್ತು. ಅವನನ್ನು ಕೇಳಿದ್ರೆ ಅವ ಹೇಳಿದ್ದು ಇಷ್ಟೆ: 'ಬೀಗ ಹಾಕಿದ್ದೇವೆ ಅಂತ ಬರೆದಿದ್ರಲ್ಲ ಸರ್, ಕೆಲಸ ನಡೀತಾ ಇದ್ರೆ ಡಿಲೀಟ್ ಆಗ್ಲಿಕ್ಕಿಲ್ಲ ಅಂತ ಗ್ರಹಿಸಿದೆ.'

ಅವನದ್ದು ತಪ್ಪಲ್ಲ. ಬೀಗ ಅಂದ್ರೆ ಕನ್ನಡದವನಿಗೆ ಅರ್ಥ ಅದೇ, ಕೀಲಿ ಇಲ್ಲದೆ ಯಾರೂ ಒಳಗೆ ಬರುವ ಹಾಗಿಲ್ಲ. ಎಫ್‌ಲಾಕ್ ಹಾಗಲ್ಲ. ಅದನ್ನು ಕೇಳಿಯೇ ಬರುವವರಿಗೆ ಮಾತ್ರ ಅದು ತಡೆ, ಕೇಳದೆ ನೇರ ನುಗ್ಗುವವನನ್ನು ಅದು ತಡೆಯುವುದೇ ಇಲ್ಲ. ಬಸ್ಸಿನ ಸೀಟಿನ ಮೇಲೆ ಕಿಟಕಿಯಿಂದ ಕರ್ಚೀಫು ಹಾಕ್ತೇವಲ್ಲ, ಅದೇ ಇದು. ಮರ್ಯಾದೆ ಇಟ್ಟವ ಬೇರೆ ಸೀಟು ನೋಡ್ತಾನೆ, ಕರ್ಚೀಫು ನೋಡದವ ಅದರ ಮೇಲೆಯೇ ಕೂತ್ಕೊಳ್ತಾನೆ.

ಇನ್ನೊಂದು ವಿಷಯ, ಬೀಗ ಹಾಕುವುದು ಹೊರಗಿನಿಂದ, ಮನೆಯಲ್ಲಿ ಯಾರೂ ಇಲ್ಲದಾಗ. ಇಲ್ಲಿ ಹಾಗಾ? ಒಳಗೆ ಹೋದವನೇ ತಾನು ಇರುವಷ್ಟು ಹೊತ್ತು ಹಾಕಿಕೊಂಡು, ಹೊರಗೆ ಬರುವಾಗ ತೆಗೆದು ಬರ್ತಾನೆ. ಇದಕ್ಕೆ ನಮ್ಮಲ್ಲಿ ಚಿಲಕ ಅಂತ ಚಂದದ ಪದ ಉಂಟು. ಬಚ್ಚಲುಮನೆಗೆ ಯಾರೂ ಬೀಗ ಹಾಕುವುದಿಲ್ಲ, ಚಿಲಕ ಹಾಕಿಕೊಳ್ತಾರೆ. 'ಹಾಕುವುದು' ಮತ್ತು 'ಹಾಕಿಕೊಳ್ಳುವುದು', ಆ 'ಕೊಳ್ಳು'ವಿನಲ್ಲೇ ಅರ್ಥ ಎಲ್ಲ ಕೂತಿದೆ ಅಂತ ನನಗೆ ಕಾಣ್ತದೆ.

ಚಿಲಕ ಅಂತ ಹಿಡಿದ್ರೆ ಉಳಿದದ್ದನ್ನು ವಿವರಿಸ್ಲಿಕ್ಕೂ ಸುಲಭ. ಸ್ಕ್ರಿಪ್ಟ್ ನಡುವೆ ಸತ್ತರೆ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಚಿಲಕ ತೆಗೀತದೆ, ಫೈಲ್ ಮುಚ್ಚಿಕೊಂಡ ಕೂಡ್ಲೆ ಲಾಕ್ ಬಿಟ್ಟುಹೋಗ್ತದೆ. ಆದ್ರೆ ಸ್ಕ್ರಿಪ್ಟ್ ಒಂದು ಕೆಲಸವನ್ನು ಬ್ಯಾಕ್‌ಗ್ರೌಂಡಿಗೆ ಬಿಟ್ಟು ತಾನು ಹೊರಟುಹೋದ್ರೆ ಆ ಮರಿ ಪ್ರೋಸೆಸ್ ಇನ್ನೂ ಒಳಗುಂಟು, ಚಿಲಕವೂ ಹಾಗೇ ಉಂಟು. ಕೆಲವರು ಲಾಕಿಗೆ ಅಂತಲೇ ಒಂದು ಫೈಲ್ ಇಟ್ಟು ಕೊನೆಗೆ ಅದನ್ನು ಡಿಲೀಟ್ ಮಾಡ್ತಾರೆ, ಅದು ಮಾಡಬಾರದು, ಅದು ಬಾಗಿಲನ್ನೇ ಕಿತ್ತ ಹಾಗೆ. ಹಳೆ ಬಾಗಿಲು ಹಿಡಿದು ಕಾಯ್ತಾ ಇದ್ದವ ಅದಕ್ಕೇ ಚಿಲಕ ಹಾಕಿಕೊಳ್ತಾನೆ, ಆಮೇಲೆ ಬಂದವ ಅದೇ ಹೆಸರಿನ ಹೊಸ ಬಾಗಿಲಿಗೆ ಹಾಕಿಕೊಳ್ತಾನೆ, ಇಬ್ಬರೂ ಒಳಗೆ.

ಆದ್ರೆ ಹುಡುಗ ಎಡವಿದ್ನಲ್ಲ, ಆ ಜಾಗಕ್ಕೆ ಚಿಲಕವೂ ಸಾಲುವುದಿಲ್ಲ, ಚಿಲಕ ಹಾಕಿದ ಬಾಗಿಲು ನಿಜವಾಗಿಯೂ ತೆರೆಯುವುದಿಲ್ಲ. ಇಂಗ್ಲಿಷಿನವರು ಇದನ್ನು ಅಡ್ವೈಸರಿ ಲಾಕ್ ಅಂತಾರೆ. 'ಸಲಹಾತ್ಮಕ ಬೀಗ' ಅಂತ ಬರೆದ್ರೆ ಯಾರಿಗೂ ಎಂತದೂ ಗೊತ್ತಾಗುವುದಿಲ್ಲ ಮಾರಾಯ್ರೆ. 'ಕಾಯ್ದಿರಿಸು' ಸ್ವಲ್ಪ ಹತ್ತಿರ. ಬಸ್ಸಿನಲ್ಲಿ ನಾವು 'ಸೀಟ್ ಹಿಡಿ' ಅಂತಲೇ ಹೇಳುವುದು, ಹಾಗಾಗಿ 'ಹಿಡಿತ' ಆಗ್ತದಾ ಅಂತಲೂ ಯೋಚನೆ.

ಸರದಿಗೆ ನಿಲ್ಲುವ ಬಗ್ಗೆ ನಮ್ಮ ಊರಿನ ಪದ ಪರ್ಯಾಯ. ಕೃಷ್ಣ ಮಠದ ಪೂಜೆ ಅಷ್ಟ ಮಠಗಳಲ್ಲಿ ಎರಡೆರಡು ವರ್ಷಕ್ಕೆ ಒಂದೊಂದರ ಕೈಗೆ, ಜನವರಿ 18ರಂದು ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಬೀಗದ ಕೀಲಿ ಕೊಡ್ತಾರೆ. ಕೀಲಿ ಒಂದೇ, ಹಾಗಾಗಿ ಎರಡು ಮಠ ಒಟ್ಟಿಗೆ ಅಧಿಕಾರದಲ್ಲಿ ಕೂರುವ ಪ್ರಶ್ನೆಯೇ ಇಲ್ಲ, ನೆಟ್‌ವರ್ಕಿನ ಟೋಕನ್ (ಅದು ಕೈಯಲ್ಲಿದ್ದವನಿಗೆ ಮಾತ್ರ ಕಳಿಸುವ ಸರದಿ) ಅನ್ನುವುದೂ ಇದೇ. ಉಡುಪಿಯವನಿಗೆ ಪರ್ಯಾಯ ಅಂದ್ರೆ ಸರದಿ, ಆದ್ರೆ ಘಟ್ಟ ಹತ್ತಿದ ಮೇಲೆ ಅದೇ ಪದಕ್ಕೆ 'ಬದಲಿ' ಅಂತ ಅರ್ಥ. ನನಗೆ ಎಷ್ಟು ಇಷ್ಟ ಇದ್ರೂ ಟಿಪ್ಪಣಿಯಲ್ಲಿ ಹಾಕುವ ಹಾಗಿಲ್ಲ.

ಮೊದಲು ಹೇಳಿದ ಹಾಗೆ ಎರಡು ಸ್ಕ್ರಿಪ್ಟ್ ಒಟ್ಟಿಗೆ ಕೈ ಹಾಕಿ ಕೆಲಸ ಕೆಡುವ ರೇಸ್ ಕಂಡಿಷನ್‌ಗೆ 'ಸ್ಪರ್ಧೆ' ಬೇಡ ಅಂತ ನನ್ನ ಅಭಿಪ್ರಾಯ. ಕಂಬಳದ ಜೋಡುಕರೆಯಲ್ಲಿ ಎರಡು ಜೊತೆ ಕೋಣ ಒಟ್ಟಿಗೆ ಓಡಿದ್ರೂ ಅವರವರ ಕರೆಯಲ್ಲಿ ಅವರವರು, ಒಬ್ಬರ ಓಟದಿಂದ ಇನ್ನೊಬ್ಬರ ಓಟ ಕೆಡುವುದಿಲ್ಲ, ಸ್ಪರ್ಧೆ ಅಂದ್ರೆ ಅದು. ಇಲ್ಲಿ ಕೆಡುವುದು ಯಾವುದು ಮೊದಲಾಯ್ತು ಯಾವುದು ಆಮೇಲಾಯ್ತು ಅನ್ನುವುದರಲ್ಲಿ. ಎಫ್‌ಲಾಕ್ ಇಲ್ಲದೆ ಬರೀ ಗುರುತಿನ ಲಾಕ್ ಫೈಲ್ ಉಂಟಾ ಅಂತ ನೋಡಿ, ಇಲ್ಲ ಅಂತ ಆದ ಮೇಲೆ ಟಚ್ (ಖಾಲಿ ಫೈಲ್ ಮಾಡುವ ಕಮಾಂಡ್) ಕೊಟ್ಟು ಇಡ್ತೇವಲ್ಲ, ನೋಡುವುದಕ್ಕೂ ಇಡುವುದಕ್ಕೂ ನಡುವೆ ಇನ್ನೊಂದು ಸ್ಕ್ರಿಪ್ಟ್ ಬಂದು ನೋಡಿಬಿಟ್ಟಿರ್ತದೆ, ಅದಕ್ಕೂ 'ಇಲ್ಲ' ಅಂತಲೇ ಕಾಣುವುದು. ಹಾಗಾಗಿ 'ಹಿಂದುಮುಂದಿನ ದೋಷ' ಅಂತ ಬರೀತಾ ಇದ್ದೇನೆ, ಹೇಗುಂಟು?

ನಡುವೆ ಯಾರೂ ನುಗ್ಗದ ಹಾಗೆ ಒಂದೇ ಸಲಕ್ಕೆ ಆಗುವ ಕೆಲಸ, ಅಂದ್ರೆ ಆಟಾಮಿಕ್‌ಗೆ ಒಂದು ಕಡೆ 'ಪರಮಾಣು ಕ್ರಿಯೆ' ಅಂತ ನೋಡಿದೆ, ದಯವಿಟ್ಟು ಅದು ಬೇಡ, ಕೈಗಾ ನೆನಪಾಗ್ತದೆ. ಗ್ರೀಕಿನಲ್ಲಿ ಆ ಪದದ ಅರ್ಥ ತುಂಡರಿಸ್ಲಿಕ್ಕಾಗದ್ದು ಅಂತ. ಎಂಕೆಡಿರ್ ಅನ್ನುವ ಕಮಾಂಡ್ ಕೊಟ್ರೆ ಫೋಲ್ಡರ್ ಇಲ್ಲದಿದ್ರೆ ಮಾಡ್ತದೆ, ಇದ್ರೆ ಎರರ್ ಕೊಡ್ತದೆ, ನೋಡುವುದೂ ಇಡುವುದೂ ಬೇರೆ ಬೇರೆ ಅಲ್ಲ, ಹಾಗಾಗಿ ಆ ಫೋಲ್ಡರನ್ನೇ ಲಾಕ್ ಅಂತ ಇಡ್ತಾರೆ. ಅದೇ ಫೈಲ್ ಸಿಸ್ಟಮ್ಮಿನ ಒಳಗೆ ಎಂವಿ (ಫೈಲ್ ಸರಿಸುವ ಕಮಾಂಡ್) ಮಾಡಿ ಪುಟವನ್ನು ತನ್ನ ಫೋಲ್ಡರಿಗೆ ಎಳ್ಕೊಂಡ್ರೂ ಹಾಗೆಯೇ, ಮೊದಲು ಎಳೆದವನಿಗೆ ಪುಟ, ಆಮೇಲೆ ಬಂದವನಿಗೆ ಅಂಥ ಫೈಲೇ ಇಲ್ಲ ಅಂತ ಉತ್ತರ. ನಮ್ಮ ಮಾತಿನಲ್ಲಿ ಇದು 'ಒಂದೇಟಿಗೆ'. 'ಅಖಂಡ' ಅಂತಲೂ ಬರೀಬಹುದು, ಆದ್ರೆ ಒಂದೇಟಿಗೆ ಅಂದ್ರೆ ಹುಡುಗರಿಗೆ ಕೂಡ್ಲೆ ತಲೆಗೆ ಹೋಗ್ತದೆ.

ಮನೆಬಳಕೆಯ ಪದ ತರುವುದು ಸಣ್ಣತನ ಅಂತ ಯಾರೂ ಹೇಳಬೇಡಿ. 1960ರ ದಶಕದಲ್ಲಿ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇದೇ ಸಮಸ್ಯೆಗೆ ಸೆಮಾಫೋರ್ ಅಂತ ಹೆಸರಿಟ್ಟದ್ದು, ರೈಲ್ವೆಯ ಕೈಕಂಬದ ಹೆಸರು ಅದು, ಅದರ ಪಿ ಮತ್ತು ವಿ ಅನ್ನುವ ಎರಡು ಕ್ರಿಯೆಗಳ ಹೆಸರು ಬಂದದ್ದು ಅವರ ಸ್ವಂತ ಡಚ್ ಭಾಷೆಯಿಂದ.

ಈಗ ನನಗೆ ಬೇಕಾದದ್ದು ಎರಡು. ಎಫ್‌ಲಾಕ್ ಅರ್ಥದ ಲಾಕಿಗೆ ಚಿಲಕ, ಹಿಡಿತ, ಎರಡರಲ್ಲಿ ನೀವು ಯಾವುದು ಬರೀತೀರಿ? ಮತ್ತೆ, ಎಂಕೆಡಿರ್ ಮಾಡಿ ಇಟ್ಟ ಲಾಕ್, ಸ್ಕ್ರಿಪ್ಟ್ ಸತ್ತ ಮೇಲೂ ಹಾಗೇ ಉಳೀತದಲ್ಲ, ಯಾರೂ ಇಲ್ಲದೆ ಒಳಗಿಂದ ಹಾಕಿಕೊಂಡಿರುವ ಚಿಲಕ, ಅದಕ್ಕೆ ಒಂದು ಪದ ಬೇಕು. 'ಹಳಸಿದ ಲಾಕ್' ಅಂತ ಒಬ್ಬರು ಹೇಳಿದ್ರು. ಹಳಸುವುದು ಅನ್ನಕ್ಕೆ ಸರಿ, ಚಿಲಕಕ್ಕೆ ನನ್ನ ಕಿವಿಗೆ ಕೂರ್ತಾ ಇಲ್ಲ. ಕುಂದಾಪುರದ ಕಡೆಯವರು, ಹವ್ಯಕರು, ನಿಮ್ಮ ಮನೆಮಾತಿನಲ್ಲಿ ಎಂತಾದ್ರೂ ಇದ್ರೆ ಹೇಳಿ, ಟಿಪ್ಪಣಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.