200 ಬಾರ್ ಪ್ರೆಶರ್ ವಾಷರ್, 50 ಮೀಟರ್ ಪೈಪ್: ಬಾಳಿಕೆ ಬರುವ ಹೋಸ್ ರೀಲ್ ಯಾವುದು?

ಪಾಚಿ_ಕ್ಲೀನರ್ (ಉಡುಪಿ)
ಇಂಟರ್‌ಲಾಕ್ ಅಂಗಳ, ಕಾಂಪೌಂಡ್ ಗೋಡೆಗಳ ಪಾಚಿ ತೆಗೆಯುವ ಕೆಲಸ. ಪಿಕಪ್ ಮೇಲೆ 13 ಎಚ್‌ಪಿ ಪೆಟ್ರೋಲ್ ಎಂಜಿನ್, 200 ಬಾರ್ ಒತ್ತಡ, ನಿಮಿಷಕ್ಕೆ 15 ಲೀಟರ್ ಪಂಪ್ ಉಂಟು. ಪೈಪಿನ ಒಳವ್ಯಾಸ 3/8 ಇಂಚು, ಉದ್ದ 50 ಮೀಟರ್. ತಾನೇ ಸುತ್ತಿಕೊಳ್ಳುವ ಸ್ಪ್ರಿಂಗ್ ರೀಲ್ ಹಾಕುವುದಾ, ಹ್ಯಾಂಡಲ್ ತಿರುಗಿಸುವುದಾ? ಪೈಪನ್ನು 6 ಎಂಎಂಗೆ ಇಳಿಸಿದರೆ ರೀಲೂ ಸಣ್ಣದು ಸಾಕಲ್ಲ? ಉಪ್ಪು ಗಾಳಿ ಬೇರೆ, ಸ್ಟೇನ್‌ಲೆಸ್ ತೆಗೊಂಡರೆ ಚಿಂತೆ ಇಲ್ಲವಾ?

ಹೈಡ್ರೋ_ಪೀಣ್ಯ
6 ಎಂಎಂ ಯೋಚನೆ ಬಿಟ್ಟುಬಿಡಿ ಸರ್. ನಿಮ್ಮ 15 ಲೀಟರ್ ನೀರು 50 ಮೀಟರ್ ಹಾದು ಬರುವಷ್ಟರಲ್ಲಿ 6 ಎಂಎಂ ಪೈಪಿನಲ್ಲಿ ಸುಮಾರು 70 ಬಾರ್ ದಾರಿಯಲ್ಲೇ ಹೋಗುತ್ತೆ. 8 ಎಂಎಂ ಆದರೆ 17ರ ಆಸುಪಾಸು, ಈಗಿರುವ 3/8ರಲ್ಲಿ ಬರೀ 7–8. ಹತ್ತು ಮೀಟರ್ ಮಾತ್ರ ಬಿಚ್ಚಿದರೂ ನೀರು ರೀಲಿನಲ್ಲಿ ಸುತ್ತಿರುವುದನ್ನೆಲ್ಲ ಹಾದೇ ಬರಬೇಕು, ಅದನ್ನು ಮರೀಬೇಡಿ.

ಪೈಪಿನ ಮೇಲಿನ ಅಚ್ಚನ್ನೂ ಓದಿ. 3/8ರಲ್ಲಿ 1ಎಸ್‌ಎನ್ (ಒಳಗೆ ಒಂದು ಪದರ ಉಕ್ಕಿನ ತಂತಿ ಹೆಣಿಗೆ) ಅಂದರೆ 180 ಬಾರ್, ನಿಮಗೆ ಸಾಲದು. 2ಎಸ್‌ಎನ್ (ಎರಡು ಪದರ) ಆದರೆ 330.

ಇನ್ನು ರೀಲ್. ಬಣ್ಣ, ಬ್ರ್ಯಾಂಡ್ ನೋಡುವ ಮೊದಲು ಟೇಪ್ ಹಿಡಿದು ಡ್ರಮ್ಮಿನ ನಡುವಿನ ಕೊಳವೆ ಅಳೆಯಿರಿ. 2ಎಸ್‌ಎನ್ 3/8 ಪೈಪನ್ನು 130 ಎಂಎಂ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು, ಅಂದರೆ ಕೊಳವೆಯ ವ್ಯಾಸ 260 ಬೇಕು. (ವಾಷರ್‌ಗೆಂದೇ ಬರುವ ಮೆದು ಪೈಪ್ ಇನ್ನೂ ಸಣ್ಣದಕ್ಕೆ ಬಗ್ಗುತ್ತೆ, ಅದರ ಡೇಟಾಶೀಟ್ ನೋಡಿ.) ಕೊಳವೆ ಸಣ್ಣದಾದರೆ ಒಳಸುತ್ತಿನ ತಂತಿ ದಣಿದು, ಮೊದಲ ಎರಡು ಮೂರು ಸುತ್ತಿನಲ್ಲೇ ಪೈಪ್ ಉಬ್ಬುತ್ತೆ.

ಅಗಲದ ಲೆಕ್ಕ: ಪೈಪಿನ ಹೊರವ್ಯಾಸ 19 ಎಂಎಂ, ಡ್ರಮ್ ಅಗಲ 400 ಇದ್ದರೆ ಒಂದು ಪದರಕ್ಕೆ 21 ಸುತ್ತು. ಮೂರು ಪದರಕ್ಕೆ ಲೆಕ್ಕದಲ್ಲಿ 62 ಮೀಟರ್ ಹಿಡಿಸುತ್ತೆ. ಕೈಯಲ್ಲಿ ಸುತ್ತುವಾಗ ಅಷ್ಟು ನೀಟಾಗಿ ಕೂರಲ್ಲ, 50 ಅಂತಿಟ್ಟುಕೊಳ್ಳಿ. ಪಕ್ಕದ ತಟ್ಟೆ 450 ವ್ಯಾಸ ಇರಲಿ.

ಸ್ಪ್ರಿಂಗ್ ರೀಲ್ ವಾಶ್ ಬೇ ಗೋಡೆಗೆ, 15–20 ಮೀಟರಿಗೆ ಸರಿ. ನಿಮ್ಮದು ನೀರು ಸೇರಿ 30 ಕಿಲೋ ಆಗುತ್ತೆ. ಹ್ಯಾಂಡಲ್ ರೀಲೇ ತಗೊಳ್ಳಿ, ಬ್ರೇಕ್ ಇರಲಿ.

ಫಿಟ್ಟರ್_ಹುಬ್ಬಳ್ಳಿ
ಡ್ರಮ್ ಮಾತು ಖರೆ. ಆದ್ರ ರೀಲಿನ ಜೀವ ಇರೂದು ಸ್ವಿವೆಲ್‌ನಾಗ (ನೀರು ಒಳಬರೂ, ತಿರಗೂ ಜೋಡಣಿ) ನೋಡ್ರಿ. ಅದು ಹಿಡಕೊಂಡ್ರ ಡ್ರಮ್ ತಿರಗತದ, ಒಳಬರೂ ಪೈಪ್ ತಿರುಚತದ, ಆಮ್ಯಾಲೆ ಕ್ರಿಂಪ್ (ಪೈಪಿನ ತುದಿಗೆ ಒತ್ತಿ ಕೂಡಿಸಿದ ಫಿಟ್ಟಿಂಗ್) ಬಾಯಾಗ ಒಡೀತದ. ಸ್ವಿವೆಲ್ ಸೋರದಂಗ ತಡೆಯೂ ಓ-ರಿಂಗ್ (ರಬ್ಬರ್ ಬಳೆ) ಕಿಟ್ ಬಿಡಿಯಾಗಿ ಸಿಗತದೇನು ಅಂತ ಕೇಳಿನ ರೊಕ್ಕಾ ಕೊಡ್ರಿ. ಹನಿ ಬಿದ್ರ ಓ-ರಿಂಗ್ ಜೋಡಿ ಅದಕ್ಕ ಆಸರ ಕೊಡೂ ಬ್ಯಾಕ್‌ಅಪ್ ರಿಂಗ್ನೂ ಬದಲಸ್ರಿ. ಶಾಫ್ಟಿನ ಮ್ಯಾಲೆ ಉಗುರಿಗೆ ಸಿಗೋವಂಥ ಗೀರು ಇದ್ರ ಎಷ್ಟು ರಿಂಗ್ ಹಾಕಿದ್ರೂ ನಿಲ್ಲಂಗಿಲ್ಲ.

ಥ್ರೆಡ್ ನೋಡ್ರಿ. ಅಮೆರಿಕದ ರೀಲ್‌ಗೆ ಎನ್‌ಪಿಟಿ ಇರತದ, ನಮ್ಮಲ್ಲಿ ಬಿಎಸ್‌ಪಿ. 3/8ರಾಗ ಇಂಚಿಗೆ ಎನ್‌ಪಿಟಿ 18 ಥ್ರೆಡ್, ಬಿಎಸ್‌ಪಿ 19, ಲಗೂನ ಗೊತ್ತಾಗತದ. ಮೋಸ ಮಾಡೂದು 1/2 ಇಂಚು: ಎರಡೂ 14, ಸಲೀಸಾಗಿ ಹತ್ತತದ. ಆದ್ರ ಕೋನ ಬ್ಯಾರೆ, ಒಂದು 60 ಡಿಗ್ರಿ, ಇನ್ನೊಂದು 55. ಟೆಫ್ಲಾನ್ ಟೇಪ್ ಸುತ್ತಿ 200 ಬಾರ್‌ಗೆ ಬಿಡಬ್ಯಾಡ್ರಿ, ಅಡಾಪ್ಟರ್ ಹಾಕ್ರಿ.

ಪಂಪಿನಿಂದ ರೀಲಿಗೆ ಕಬ್ಬಿಣದ ಪೈಪ್ ಬ್ಯಾಡ. ಒಂದೂವರೆ ಮೀಟರ್ ಹೋಸ್ ತುಂಡು ಸಡಿಲ ಬಿಡ್ರಿ, ಎಂಜಿನ್ ನಡುಕ ಅದು ನುಂಗತದ.

ವಾಶ್‌ಬೇ_ಸುರತ್ಕಲ್
ಸ್ಟೇನ್‌ಲೆಸ್ ಅಂದ ಕೂಡಲೇ ಚಿಂತೆ ಮುಗಿಯುವುದಿಲ್ಲ ಮಾರಾಯ್ರೆ. ಪಾಚಿಗೆ ಹೈಪೋ (ಕ್ಲೋರಿನ್ ಬ್ಲೀಚ್ ದ್ರಾವಣ) ಬಳಸುತ್ತೀರಿ ಅಂತಾದರೆ 304 ಗ್ರೇಡ್ ಸ್ಟೇನ್‌ಲೆಸ್ ಸಹ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ, ಹಿತ್ತಾಳೆ ಸ್ವಿವೆಲ್ ಅಂತೂ ಒಳಗಿಂದಲೇ ಪುಡಿಯಾಗುತ್ತದೆ. ಹೈಪೋವನ್ನು ರೀಲಿನ ಮೂಲಕ ಕಳಿಸಲೇಬೇಡಿ. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಸಾಕು, ಅದು ಹಾಳಾದರೂ ನಷ್ಟ ಸಣ್ಣದು. ಇಂಜೆಕ್ಟರಿನಲ್ಲಿ (ನೀರಿಗೆ ಹೈಪೋ ಎಳೆದು ಬೆರೆಸುವ ಭಾಗ) ಕಳಿಸಿಯೇ ಆಗಿದ್ದರೆ ಕೊನೆಗೆ ಎರಡು ನಿಮಿಷ ಬರೀ ನೀರು ಬಿಡಿ. ಪೈಪಿನೊಳಗೆ ಹಿಡಿಯುವುದೇ 4 ಲೀಟರ್.

ಎಂಎಸ್ (ಮಾಮೂಲಿ ಉಕ್ಕಿನ) ಡ್ರಮ್ಮಿಗೆ ಪೌಡರ್ ಕೋಟಿಂಗ್ ನಿಲ್ಲುವುದಿಲ್ಲ, ಪೈಪ್ ಉಜ್ಜಿ ಉಜ್ಜಿ ಹೋಗುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಆದರೆ ಅಡ್ಡಿಯಿಲ್ಲ. ಪಿಕಪ್ ತಗಡಿಗೆ ಸ್ಕ್ರೂ ಹೊಡೆಯಬೇಡಿ. ಎಂ10 ಬೋಲ್ಟ್ ನಾಲ್ಕು, ಕೆಳಗಿಂದ 5 ಎಂಎಂ ಪ್ಲೇಟ್, ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್.

ಸುತ್ತಿನಲ್ಲಿ ಸಣ್ಣ ಮಂಜಿನಂತೆ ನೀರು ಹಾರುವುದು ಕಂಡರೆ ಬೆರಳಿಟ್ಟು ಹುಡುಕುವುದು ಬೇಡ, ಆ ಒತ್ತಡದ ನೀರು ಚರ್ಮದೊಳಗೆ ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಟ್ರಿಗರ್ ಒತ್ತಿ ಒತ್ತಡ ಇಳಿಸಿ ನೋಡಿ.

ಪಾಚಿ_ಕ್ಲೀನರ್ (ಉಡುಪಿ)
ಅಂಗಡಿಯ ರೀಲಿನ ಕೊಳವೆ 140 ಎಂಎಂ, ತಗಡು ಒಂದೂವರೆ ಎಂಎಂ. ಅದರ ಮೇಲೆ ದೊಡ್ಡ ಪಿವಿಸಿ ಪೈಪ್ ಸೀಳಿ ಹೊದಿಸಿದರೆ 260 ಆಗುತ್ತದಾ?

ಹೈಡ್ರೋ_ಪೀಣ್ಯ
ಅಳತೆ ಆಗುತ್ತೆ, ಆದರೆ ಉಳಿಯಲ್ಲ. ಒತ್ತಡ ಬಂದಾಗ ತಂತಿ ಪೈಪ್ ಶೇಕಡಾ 4ರವರೆಗೂ ಗಿಡ್ಡ ಆಗಬಹುದು, 50 ಮೀಟರಿಗೆ 2 ಮೀಟರ್. ಬಿಗಿಯಾಗಿ ಸುತ್ತಿದ್ದರೆ ಆ ಎಳೆತವೆಲ್ಲ ಕೊಳವೆಯನ್ನೇ ಹಿಸುಕುತ್ತೆ. ಒಂದೂವರೆ ಎಂಎಂ ತಗಡೇ ನೆಗ್ಗುತ್ತೆ, ಪಿವಿಸಿ ಏನು ತಡೆಯುತ್ತೆ? ರೋಲಿಂಗ್ ಮಷಿನ್ ಇರುವ ಫ್ಯಾಬ್ರಿಕೇಶನ್ ಶಾಪಿನಲ್ಲಿ 4 ಎಂಎಂ ಶೀಟ್ ರೋಲ್ ಮಾಡಿಸಿ, ಒಳಗೆ ಎರಡು ಕಡೆ ರಿಂಗ್ ವೆಲ್ಡ್ ಮಾಡಿಸಿ, ಸ್ವಿವೆಲ್ ಮಾತ್ರ ಕೊಂಡು ಹಾಕಿ. ಪೈಪ್ ಒಳಗಿಂದ ಹೊರಬರುವ ತೂತಿನ ಅಂಚು ಫೈಲ್ ಹಾಕಿ ನುಣ್ಣಗೆ ಮಾಡಿ. ಅಲ್ಲೊಂದು ಎಲ್ಬೋ ಇಟ್ಟು, ಕ್ರಿಂಪ್ ದಾಟಿ ಒಂದು ಗೇಣು ನೇರ ಹೋದ ಮೇಲೇ ಪೈಪ್ ಬಗ್ಗುವ ಹಾಗೆ ಕೂರಿಸಿ. ಗ್ಯಾಲ್ವನೈಸಿಂಗ್ ಈ ತೂತುಗಳೆಲ್ಲ ಕೊರೆದಾದ ಮೇಲೆ.